ಹಿಂದಿನ ಸೀಟಿನ ಪುಟ್ಟ ಯಜಮಾನಿ

ಎರಡು ವರ್ಷದ ಮಗುವಿಗೆ ದೂರವೆಂಬುದು ತಿಳಿಯದು. ಬೆಂಗಳೂರಿಗೂ ಮಂಗಳೂರಿಗೂ ನಡುವೆ ಸುಮಾರು 350 ಕಿಲೋಮೀಟರುಗಳಿವೆಯೆಂದೂ, ನಡುವೆ ಒಂದು ಘಟ್ಟವನ್ನು ಇಳಿಯಬೇಕೆಂದೂ, ಇಳಿದರೆ ಸೋದರತ್ತೆಯ ಹೊಸ ಮನೆಯ ಗೃಹಪ್ರವೇಶವೆಂದೂ ತಂದೆತಾಯಿಗಳು ಎಷ್ಟು ಬಣ್ಣಿಸಿ ಹೇಳಿದರೂ ಅದಕ್ಕೆ ಮನದಟ್ಟಾಗುವುದು ಒಂದೇ ಸಂಗತಿ: ತನ್ನನ್ನು ಒಂದು ಪೆಟ್ಟಿಗೆಯೊಳಗೆ ಕೂರಿಸಿದ್ದಾರೆ, ಇಳಿಯುತ್ತೇನೆಂದರೆ ಇಳಿಸುತ್ತಿಲ್ಲ. ನೆಲಮಂಗಲ ದಾಟುವುದರೊಳಗೆ ಅದು ತನ್ನ ಪ್ರತಿಭಟನೆಯನ್ನು ಆರಂಭಿಸುತ್ತದೆ. ಕುಣಿಗಲ್ಲಿನ ಹೊತ್ತಿಗೆ ಕಾರಿನಲ್ಲಿರುವ ದೊಡ್ಡವರೆಲ್ಲರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸತೊಡಗಿರುತ್ತಾರೆ.

ಇಂಥದೊಂದು ಸಂಸಾರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಮುಂದೆ ಚಕ್ರ ಹಿಡಿದ ತಂದೆ, ಪಕ್ಕದಲ್ಲಿ ತಾಯಿ. ಹಿಂದೆ ಅಜ್ಜಿ, ಅಜ್ಜಿಯ ಪಕ್ಕದಲ್ಲಿ ಪುಟ್ಟಿ. ಡಿಕ್ಕಿಯಲ್ಲಿ ಸೀರೆಗಳ ಪೆಟ್ಟಿಗೆ, ಹಣ್ಣಿನ ಬುಟ್ಟಿ, ಉಡುಗೊರೆಯ ಪಾತ್ರೆ. ಇಷ್ಟೆಲ್ಲವನ್ನೂ ಪಟ್ಟಿ ಬರೆದುಕೊಂಡು ಜೋಡಿಸಿದವರು, ಏಳೆಂಟು ಗಂಟೆಗಳ ಕಾಲ ಪುಟ್ಟಿ ಏನು ಮಾಡಬೇಕೆಂಬುದನ್ನು ಮಾತ್ರ ಯಾವ ಪಟ್ಟಿಯಲ್ಲೂ ಬರೆದಿರುವುದಿಲ್ಲ. 

ಮೊದಲ ಜಗಳ ಹೊರಡುವ ಮೊದಲೇ ಆಗುತ್ತದೆ. ಅದು ಆಟಿಕೆಯ ಜಗಳವಲ್ಲ, ಆಸನದ ಜಗಳ.

“ನಾಲ್ಕು ಮಕ್ಕಳನ್ನು ಮಡಿಲಲ್ಲೇ ಕೂರಿಸಿಕೊಂಡು ಘಟ್ಟ ಹತ್ತಿ ಇಳಿದವಳು ನಾನು. ಆ ಕುರ್ಚಿಗೆ ಬಿಗಿದು ಕಟ್ಟುವುದಕ್ಕೆ ಇದೇನು ಕರುವೇನಮ್ಮಾ?” ಎನ್ನುತ್ತಾರೆ ಅಜ್ಜಿ.

“ಅತ್ತೆ, ಅದು ಕಟ್ಟುವುದಲ್ಲ...” ಎಂದು ಸೊಸೆ ಆರಂಭಿಸಿ, ಮುಂದೆ ಏನು ಹೇಳಿದರೂ ಮಾತು ಬೆಳೆಯುವುದೆಂದು ನಿಲ್ಲಿಸುತ್ತಾಳೆ. ಮಗ ಕೀಲಿಕೈ ತಿರುಗಿಸುತ್ತ ಏನೂ ಕೇಳಿಸದವನಂತೆ ಇರುತ್ತಾನೆ. ಇಂಥ ಸಮಯದಲ್ಲಿ ಗಂಡಸರ ಕಿವಿ ಮಂದವಾಗುವುದು ಹೊಸತೇನೂ ಅಲ್ಲ.

ಅಜ್ಜಿಯ ಮಾತಿನಲ್ಲಿ ಸುಳ್ಳಿಲ್ಲ. ಅವರ ಕಾಲದ ಬಸ್ಸು ಘಟ್ಟದ ತಿರುವುಗಳಲ್ಲಿ ತೆವಳುತ್ತಿತ್ತು. ಇಂದಿನ ಕಾರು ಹೆದ್ದಾರಿಯಲ್ಲಿ ಗಂಟೆಗೆ 80 ಕಿಲೋಮೀಟರು ಓಡಿದರೂ ಒಳಗಿದ್ದವರಿಗೆ ವೇಗವೇ ತೋರದು. ಲೆಕ್ಕ ಸುಲಭ. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಏನಕ್ಕಾದರೂ ಬಡಿದು ಅರ್ಧ ಮೀಟರಿನೊಳಗೆ ನಿಂತುಬಿಟ್ಟಿತೆನ್ನಿ. ಹತ್ತು ಹನ್ನೊಂದು ಕಿಲೋ ತೂಗುವ ಮಗು ಆ ಕ್ಷಣದಲ್ಲಿ ಎರಡು ಕ್ವಿಂಟಲಿನ ಮೂಟೆಯಷ್ಟು ಭಾರದಿಂದ ಮುಂದಕ್ಕೆ ಎಗರುತ್ತದೆ. ಅಜ್ಜಿಯ ಪ್ರೀತಿ ಎಷ್ಟೇ ಗಟ್ಟಿಯಾಗಿರಲಿ, ಎರಡು ಕ್ವಿಂಟಲನ್ನು ತಡೆದು ನಿಲ್ಲಿಸುವ ತೋಳು ಯಾರಿಗೂ ಇಲ್ಲ, ಪೈಲ್ವಾನನಿಗೂ ಇಲ್ಲ. ಮಡಿಲಲ್ಲಿ ಕೂರಿಸಿ ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಬಿಗಿಯುವುದಂತೂ ಇನ್ನೂ ಅಪಾಯ. ದೊಡ್ಡವರ ದೇಹದ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸಬೇಕೆಂದು ವಿಧಿಸಿ, ತಪ್ಪಿದವರಿಗೆ 1000 ರೂಪಾಯಿ ದಂಡವನ್ನೂ ಇಟ್ಟಿದೆ. ಆದರೆ ಅತ್ತೆಯೊಡನೆ ಕಾಯಿದೆಯ ಕಲಮನ್ನು ಉದ್ಧರಿಸಿ ಗೆದ್ದ ಸೊಸೆ ಈ ನಾಡಿನಲ್ಲಿ ಇದ್ದಂತಿಲ್ಲ.

ಗೆಲ್ಲುವ ದಾರಿ ಬೇರೆ ಉಂಟು. ಅಜ್ಜಿಯಿಂದ ಮಗುವನ್ನು ಕಿತ್ತುಕೊಂಡಂತೆ ಆಗಬಾರದು. ಅಜ್ಜಿಗೇ ಅಧಿಕಾರ ಕೊಡಬೇಕು. “ಅತ್ತೆ, ದಾರಿಯುದ್ದಕ್ಕೂ ಪುಟ್ಟಿ ನಿಮ್ಮ ವಶ. ಆಟದ ಚೀಲ ನಿಮ್ಮ ಕೈಯಲ್ಲೇ ಇರಲಿ. ಗಾಡಿ ನಿಂತಲ್ಲೆಲ್ಲ ನಿಮ್ಮ ಮಡಿಲು, ಓಡುವಾಗ ಅವಳ ಕುರ್ಚಿ” ಎಂದರೆ ಒಪ್ಪದ ಅಜ್ಜಿ ವಿರಳ. ಮಗುವಿಗೂ ಆ ಕುರ್ಚಿ ಅಪರಿಚಿತವಾಗಿರಬಾರದು. ಹೊರಡುವ ಒಂದು ವಾರ ಮೊದಲೇ ಅದನ್ನು ನಡುಮನೆಯಲ್ಲಿಟ್ಟು, ಗೊಂಬೆಯನ್ನು ಕೂರಿಸುವುದು, ಆಮೇಲೆ ಪುಟ್ಟಿ ಕೂರುವುದು, ಅಲ್ಲೇ ಕೂತು ಬಾಳೆಹಣ್ಣು ತಿನ್ನುವುದು – ಹೀಗೆ ರೂಢಿಯಾದರೆ ಅದು ಸೆರೆಮನೆಯಲ್ಲ, ಸಿಂಹಾಸನ. ಇನ್ನೂ ಚಿಕ್ಕ ಕೂಸಾದರೆ ಆಸನ ಹಿಂದಕ್ಕೆ ಮುಖ ಮಾಡಿಯೇ ಇರಬೇಕು. ದೊಡ್ಡದಾದ ಮೇಲೂ ಅದರ ಎತ್ತರ ತೂಕಗಳಿಗೆ ಆಸನ ಅವಕಾಶ ಕೊಡುವವರೆಗೆ ಹಾಗೆಯೇ ಇರುವುದು ಲೇಸು. ಗಾಳಿಚೀಲವಿರುವ ಮುಂದಿನ ಸೀಟಿನಲ್ಲಿ ಅಂಥ ಆಸನವನ್ನು ಎಂದಿಗೂ ಇಡಕೂಡದು.

ಹೊರಡುವ ವೇಳೆಯ ವಿಷಯದಲ್ಲಿ ಅನುಭವಸ್ಥರಲ್ಲಿ ಎರಡು ಪಂಥಗಳಿವೆ. ನಸುಕಿನ ನಾಲ್ಕೂವರೆಗೆ ಮಲಗಿದ್ದ ಮಗುವನ್ನು ಹಾಗೆಯೇ ಎತ್ತಿ ಕೂರಿಸಿದರೆ ಯಡಿಯೂರಿನವರೆಗೂ ಚಿಂತೆಯಿಲ್ಲವೆನ್ನುವುದು ಒಂದು. ಮಗು ಎದ್ದು, ಹಾಲು ಕುಡಿದು, ಎರಡು ಸುತ್ತು ಓಡಾಡಿದ ಮೇಲೆ ಹೊರಟು, ಮಧ್ಯಾಹ್ನದ ನಿದ್ದೆಯನ್ನು ದಾರಿಯಲ್ಲಿ ಮಾಡಿಸಬೇಕೆನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಊರಿನ ವಾಹನ ಸಂದಣಿ ತಪ್ಪುತ್ತದೆ, ಬಿಸಿಲೂ ತಪ್ಪುತ್ತದೆ. ಡಿಸೆಂಬರಿನ ದಿನಗಳಲ್ಲಿ ಪಡುವಣಕ್ಕೆ ಸಾಗುವ ಕಾರಿಗೆ ಬೆಳಗಿನ ಬಿಸಿಲು ಬೆನ್ನಹಿಂದಿರುತ್ತದೆ. ಹೊತ್ತೇರಿದಂತೆ ಎಡಗಡೆಯ ಕಿಟಕಿಗೆ ಬರುತ್ತದೆ, ಇಳಿಸುವುದಕ್ಕೆ ಸುರಕ್ಷಿತವೆಂದು ಮಗುವನ್ನು ಕೂರಿಸಿರುವುದೂ ಆ ಎಡಗಡೆಯಲ್ಲೇ. ಆದರೆ ಒಂದು ಮಾತು. ಮಗುವಿನ ನಿದ್ದೆಯನ್ನು ಲೆಕ್ಕ ಹಾಕುವವರು ಕಾರು ನಡೆಸುವವನ ನಿದ್ದೆಯನ್ನು ಮರೆಯುತ್ತಾರೆ. ರಾತ್ರಿ ಹನ್ನೊಂದರವರೆಗೆ ಸಾಮಾನು ಕಟ್ಟಿ, ಮೂರೂವರೆಗೆ ಎದ್ದ ಚಾಲಕನೊಡನೆ ಹೊರಡುವುದಕ್ಕಿಂತ, ಆರು ಗಂಟೆಗೆ ಹೊರಟು ದಾರಿಯುದ್ದಕ್ಕೂ ಮಗುವಿನ ಅಳುವನ್ನು ಕೇಳುವುದು ಮೇಲು.

ಇನ್ನು ಆಟದ ಚೀಲ. ಇಲ್ಲಿ ಬಹು ಮಂದಿ ಮಾಡುವ ತಪ್ಪೆಂದರೆ, ಅಂಗಡಿಯಿಂದ ದುಬಾರಿಯ ಹೊಸ ಆಟಿಕೆಯೊಂದನ್ನು ತಂದು, ಕಾರು ಹತ್ತುತ್ತಲೇ ಕೈಗೆ ಕೊಡುವುದು. ಪುಟ್ಟಿ ಅದನ್ನು ಆರು ನಿಮಿಷ ನೋಡುತ್ತಾಳೆ, ಏಳನೆಯ ನಿಮಿಷದಲ್ಲಿ ಅದು ಕಾಲಡಿಗೆ ಬೀಳುತ್ತದೆ. ಈ ವಯಸ್ಸಿಗೆ ವಸ್ತುವಿನ ಬೆಲೆ ಮುಖ್ಯವಲ್ಲ. ಹೊಸತನ ಮುಖ್ಯ, ತೆರೆಯುವುದು-ಮುಚ್ಚುವುದು ಮುಖ್ಯ, ಇಲ್ಲದ್ದು ಬಂತೆಂಬ ಬೆರಗು ಮುಖ್ಯ. ಆದ್ದರಿಂದ ಹತ್ತು ಹನ್ನೆರಡು ಸಣ್ಣಪುಟ್ಟ ಸಾಮಗ್ರಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿಡಬೇಕು. ಗಂಟು ಬಿಚ್ಚುವುದೇ ಅರ್ಧ ಆಟ. ಒಂದು ಆಟ ಹಳೆಯದಾದಾಗ ಮಾತ್ರ ಮುಂದಿನ ಗಂಟು ಹೊರಬರಬೇಕು. ಅಜ್ಜಿಯ ಕೈ ಇಲ್ಲಿ ಬಿಗಿಯಾಗಿರಬೇಕು. ಕರಗಿ ಎಲ್ಲವನ್ನೂ ಒಂದೇ ಸಲಕ್ಕೆ ಬಿಚ್ಚಿದರೆ ಹಾಸನದ ಹೊತ್ತಿಗೆ ಬೊಕ್ಕಸ ಬರಿದು.

ಗಂಟಿನೊಳಗೆ ಏನಿರಬೇಕು? ಮನೆಯಲ್ಲೇ ಇರುವ ವಸ್ತುಗಳು ಸಾಕು. ಬೇಡವಾದ ಹಳೆಯ ಕೈಚೀಲವೊಂದಕ್ಕೆ ಬಸ್ಸಿನ ಟಿಕೇಟುಗಳನ್ನೂ ಬಣ್ಣದ ಕಾಗದಗಳನ್ನೂ ತುಂಬಿಟ್ಟರೆ, ಅಮ್ಮನ ಚೀಲವನ್ನು ಕೊನೆಗೂ ಸ್ವಾಧೀನಪಡಿಸಿಕೊಂಡೆನೆಂಬ ವಿಜಯದಲ್ಲಿ ಪುಟ್ಟಿಗೆ ಇಪ್ಪತ್ತು ನಿಮಿಷ ಕಳೆಯುತ್ತದೆ. ಬಣ್ಣಬಣ್ಣದ ರವಿಕೆಯ ಚೂರುಗಳನ್ನು ಒಂದರ ತುದಿಗೆ ಒಂದು ಗಂಟು ಹಾಕಿ ರಟ್ಟಿನ ಡಬ್ಬಿಯೊಳಗೆ ತುರುಕಿ, ಮೇಲೆ ಒಂದು ತೂತು ಮಾಡಿಕೊಟ್ಟರೆ ಎಳೆದಷ್ಟೂ ಬರುತ್ತದೆ. ಮುಗಿದ ಕೂಡಲೆ ಅಜ್ಜಿ ಮತ್ತೆ ತುಂಬಬಹುದು. ಆ ಬಟ್ಟೆಯ ಸರ ಮಾತ್ರ ಮಗುವಿನ ಕೊರಳಿಗೆ ಸುತ್ತಿಕೊಳ್ಳದಂತೆ ಪಕ್ಕದಲ್ಲಿದ್ದವರು ನೋಡುತ್ತಲೇ ಇರಬೇಕು. ನೋಡಲು ಆಗದ ಹೊತ್ತಿನಲ್ಲಿ ಅದು ಚೀಲದೊಳಗೇ ಇರಲಿ. ಪದೇ ಪದೇ ಬೀಳುವ ಗೊಂಬೆಯನ್ನು ಆಸನಕ್ಕೆ ಕಟ್ಟುವುದಾದರೆ ದಾರ ಒಂದು ಗೇಣಿಗಿಂತ ಚಿಕ್ಕದಾಗಿರಲಿ.

ಚನ್ನಪಟ್ಟಣದ ಅರಗು ಬಣ್ಣದ ಮರದ ಬೊಂಬೆಗಳಿಗೆ ಸಮನಾದ ಆಟಿಕೆ ಮನೆಯಲ್ಲಿ ಇನ್ನೊಂದಿಲ್ಲ. ಕಾರಿಗೆ ಮಾತ್ರ ಅವು ಬೇಡ. ಬ್ರೇಕು ಬಿಗಿದಾಗ ಗಟ್ಟಿಯಾದ ವಸ್ತುವೆಲ್ಲ ಕಲ್ಲಾಗಿ ಹಾರುತ್ತದೆ. ಬಟ್ಟೆಯ ಬೊಂಬೆ, ಬಟ್ಟೆಯ ಪುಸ್ತಕ, ರಟ್ಟು ಇಷ್ಟೇ ಇರಲಿ. ಸದ್ದು ಮಾಡುವ, ಬೆಳಕು ಮಿನುಗಿಸುವ ಅಗ್ಗದ ಆಟಿಕೆಗಳ ಬಗೆಗೆ ಇನ್ನೂ ಹೆಚ್ಚು ಎಚ್ಚರ ಬೇಕು; ಅವುಗಳಲ್ಲಿ ನಾಣ್ಯದಾಕಾರದ ಪುಟ್ಟ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟಗಾಯವಾಗಬಲ್ಲುದು. ಘಟ್ಟದ ನಡುವೆ ಆಸ್ಪತ್ರೆಯನ್ನು ಹುಡುಕುವ ಪ್ರಸಂಗ ಶತ್ರುವಿಗೂ ಬೇಡ.

ಆಟಿಕೆ ಮುಗಿದರೂ ಅಜ್ಜಿ ಮುಗಿಯುವುದಿಲ್ಲ, ಅದೇ ದೊಡ್ಡ ಸಮಾಧಾನ. ಸೆರಗಿನ ಮರೆಯಲ್ಲಿ ಮುಖವಡಗಿಸಿ ‘ಎಲ್ಲಿ ಅಜ್ಜಿ?’ ಎಂದು ಕೇಳುವ ಆಟ ಈ ವಯಸ್ಸಿಗೆ ಎಂದೂ ಹಳಸದು. ಕಾಗೆ ಹಾರಿತು, ಗುಬ್ಬಿ ಹಾರಿತು, ಎಮ್ಮೆ ಹಾರಿತು ಎಂದರೆ, ಎಮ್ಮೆಗೂ ಕೈಯೆತ್ತುವ ಪುಟ್ಟಿಯನ್ನು ನೋಡಿ ನಕ್ಕರೆ ಅವಳಿಗೂ ನಗು. ಬೆರಳುಗಳನ್ನು ಮಡಿಸಿ ಒಂದೊಂದಕ್ಕೂ ಹೆಸರಿಟ್ಟು ಕಥೆ ಹೇಳಬಹುದು. ಕಥೆ ಒಂದೇ ಸಾಕು. ದೊಡ್ಡವರಿಗೆ ಬೇಸರವಾದ ಕಥೆಯೇ ಮಕ್ಕಳಿಗೆ ಅತ್ಯಂತ ಪ್ರಿಯವಾದುದು. ಹೇಳಿದ್ದನ್ನೇ ಹದಿನೈದನೆಯ ಸಲ ಹೇಳುವ ತಾಳ್ಮೆ ಮುಂದಿನ ಸೀಟಿನವರಿಗಿಲ್ಲ, ಹಿಂದಿನ ಸೀಟಿನಲ್ಲಿದೆ.

ಕಿಟಕಿಯ ಹೊರಗೂ ಬೇಕಾದಷ್ಟಿದೆ. ಕುಣಿಗಲ್ ಕಳೆದ ಮೇಲೆ ರಾಗಿಯ ಹೊಲ, ಮೇಯುವ ಕುರಿಗಳು. ಹಿರೀಸಾವೆ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಗಳು. ಹಾಸನ ದಾಟಿದ ಮೇಲೆ ಹಸುರು ದಟ್ಟವಾಗುತ್ತ ಹೋಗಿ, ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ. ಮಂಗಳೂರಿನ ಕಡೆಯಿಂದ ಏದುತ್ತ ಬರುವ ಅನಿಲದ ಟ್ಯಾಂಕರುಗಳು ಪುಟ್ಟಿಯ ಕಣ್ಣಿಗೆ ಆನೆಗಳು. ‘ಇನ್ನೊಂದಾನೆ!’ ಎಂದು ಅಜ್ಜಿ ಎಣಿಸತೊಡಗಿದರೆ ಹತ್ತು ಮೈಲಿ ಸವೆಯುತ್ತದೆ.

ಇಷ್ಟೆಲ್ಲ ಏಕೆ, ಮೊಬೈಲು ಕೈಗಿತ್ತರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಮುಗಿಯುತ್ತದೆ, ನಿಜ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಸಲಹೆಯ ಪ್ರಕಾರ, ಒಂದು ವರ್ಷದ ಮಗುವಿಗೆ ಪರದೆಯೇ ಬೇಡ. ಎರಡು ವರ್ಷದ್ದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಮೆಯಾದಷ್ಟೂ ಒಳ್ಳೆಯದು. ಪ್ರಯಾಣದ ದಿನ ಈ ನಿಯಮ ಅಲ್ಪಸ್ವಲ್ಪ ಸಡಿಲಿದರೆ ಆಕಾಶ ಕಳಚಿ ಬೀಳದು. ತಾಯಂದಿರು ಅದಕ್ಕಾಗಿ ಮನಸ್ಸಿನಲ್ಲೇ ಕೊರಗಬೇಕಾದ ಅಗತ್ಯವೂ ಇಲ್ಲ. ಆದರೆ ಆ ಅಸ್ತ್ರವನ್ನು ಎಲ್ಲಿ ಬಿಡಬೇಕೆಂಬುದು ತಿಳಿದಿರಬೇಕು. ಹಾಸನದ ನೇರ ರಸ್ತೆಯಲ್ಲಿ ಬಿಡಬಹುದು, ಶಿರಾಡಿಯ ತಿರುವುಗಳಲ್ಲಿ ಸರ್ವಥಾ ಬಿಡಬಾರದು. 

ಕಾರಣವುಂಟು. ದೇಹ ತಿರುಗುತ್ತಿದೆಯೆಂದು ಒಳಗಿವಿ ಮಿದುಳಿಗೆ ಹೇಳುತ್ತಿರುತ್ತದೆ. ಕೈಯಲ್ಲಿರುವ ಪರದೆಯನ್ನೋ ಚಿತ್ರದ ಪುಸ್ತಕವನ್ನೋ ನೋಡುತ್ತಿರುವ ಕಣ್ಣು, ಏನೂ ಅಲುಗುತ್ತಿಲ್ಲವೆನ್ನುತ್ತದೆ. ಈ ಎರಡು ಸಾಕ್ಷಿಗಳ ವೈರುಧ್ಯದಲ್ಲಿ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಕಾಟ ಅಪರೂಪ. ಆಮೇಲೆ ಹನ್ನೆರಡರವರೆಗೆ ಹೆಚ್ಚು. ಅಡ್ಡಹೊಳೆಯವರೆಗಿನ ಸುಮಾರು 26 ಕಿಲೋಮೀಟರುಗಳ ಘಟ್ಟದಲ್ಲಿ ಚೀಲವೆಲ್ಲ ಮುಚ್ಚಿಡಲಿ. ಹಾಡು, ಚಪ್ಪಾಳೆ, ದೂರದ ಬೆಟ್ಟ ಇವೇ ಸಾಕು. ಗಾಡಿ ನಿಧಾನವಾಗಿ ಸಾಗಲಿ, ಒಂದಿಷ್ಟು ಹೊರಗಿನ ಗಾಳಿ ಬರಲಿ. ಘಟ್ಟಕ್ಕೆ ಮೊದಲು ಹೊಟ್ಟೆ ತುಂಬ ಹಾಲು ಕುಡಿಸಿದವರಿಗೆ ಅದರ ಫಲ ಮೈಮೇಲೇ ದೊರೆಯುತ್ತದೆ. ಒಂದು ಜೊತೆ ಬಟ್ಟೆ ಡಿಕ್ಕಿಯ ತಳದಲ್ಲಲ್ಲ, ಕೈಗೆಟಕುವಲ್ಲಿರಬೇಕು. ಮಗುವಿಗೆ ಮಾತ್ರವಲ್ಲ, ಅಜ್ಜಿಗೂ ಒಂದು ಸೀರೆ. ಮಗು ಸುಮ್ಮನೆ ಮಲಗಿರಲೆಂದು ವೈದ್ಯರನ್ನು ಕೇಳದೆ ನೆಗಡಿಯ ಔಷಧವನ್ನೋ ವಾಂತಿಯ ಔಷಧವನ್ನೋ ಕುಡಿಸುವವರಿದ್ದಾರೆ. ಅದು ಉಪಾಯವಲ್ಲ, ಅಪರಾಧ.

ತಿಂಡಿಯ ವಿಷಯ ಎರಡೇ ಮಾತು. ಮೆತ್ತಗಿನ ಇಡ್ಲಿ, ತುಪ್ಪ ಸವರಿದ ಚಪಾತಿಯ ಸುರುಳಿ, ಏಲಕ್ಕಿ ಬಾಳೆ ಒಳ್ಳೆಯವು. ಕಡಲೆಕಾಯಿ ಬೀಜ, ಹುರಿಗಡಲೆ, ಇಡಿಯ ದ್ರಾಕ್ಷಿ, ಗಟ್ಟಿ ಚಕ್ಕುಲಿಯ ತುಂಡು ಇವು ಅಲುಗುವ ಗಾಡಿಯಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ಗಾಡಿ ನಿಲ್ಲಿಸಿ ತಿನ್ನಿಸುವುದೇ ಉತ್ತಮ. ನೀರನ್ನೂ ತಿಂಡಿಯನ್ನೂ ಲೆಕ್ಕಕ್ಕಿಂತ ಎರಡು ಹೊತ್ತಿಗಾಗುವಷ್ಟು ಹೆಚ್ಚು ಇಟ್ಟುಕೊಳ್ಳಬೇಕು. 2024ರ ಜುಲೈ ತಿಂಗಳಲ್ಲಿ ಸಕಲೇಶಪುರದ ಆಚೆ ದೊಡ್ಡತಪ್ಪಲಿನ ಬಳಿ ಗುಡ್ಡ ಕುಸಿದು ವಾಹನಗಳು ನಿಂತುಹೋದುದನ್ನು ಆ ದಾರಿಯವರು ಮರೆತಿಲ್ಲ.

ನಿಲ್ಲುವುದರಲ್ಲಿ ಜಿಪುಣತನ ಸಲ್ಲದು. ಚಿಕ್ಕ ಮಕ್ಕಳನ್ನು ಒಂದೇ ಕಡೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿ ಕೂರಿಸಬಾರದೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಹೇಳುತ್ತದೆ. ಮಗು ನಿದ್ದೆಯಲ್ಲಿದ್ದರೆ ಸ್ವಲ್ಪ ಮುಂದೆ ಸಾಗಬಹುದು. ಎಚ್ಚರವಿದ್ದರೆ ಗಂಟೆಗೊಮ್ಮೆ ನಿಲ್ಲುವುದೇ ನ್ಯಾಯ. ಹೆದ್ದಾರಿಯ ಅಂಚಿನಲ್ಲಿ ಅಲ್ಲ. ಅಂಗಳವಿರುವ ಹೋಟೆಲಿನಲ್ಲಿ, ಯಡಿಯೂರಿನಂಥ ಕ್ಷೇತ್ರದಲ್ಲಿ, ಪುಟ್ಟಿ ಬರಿಗಾಲಲ್ಲಿ ಓಡಬಲ್ಲಂಥ ಜಾಗದಲ್ಲಿ. ಹತ್ತು ನಿಮಿಷ ಅವಳು ಓಡಿದರೆ ಮುಂದಿನ ಐವತ್ತು ನಿಮಿಷ ಕಾರು ಓಡುತ್ತದೆ. ‘ನಾಲ್ಕೂವರೆ ಗಂಟೆಯಲ್ಲಿ ಹಾಸನ ದಾಟಿ ಘಟ್ಟದಡಿ ತಲಪಿದೆ’ ಎಂದು ಗೆಳೆಯರ ಮುಂದೆ ಹೇಳಿಕೊಳ್ಳುವ ತಂದೆ ಆ ಸಂತೋಷವನ್ನು ಇನ್ನೂ ನಾಲ್ಕೈದು ವರ್ಷ ಮುಂದಕ್ಕೆ ಹಾಕಬೇಕಾಗುತ್ತದೆ. ನಿಂತಾಗ, ಮಲಗಿದ್ದಾಳೆ ಏಳಿಸುವುದೇಕೆಂದು ಮಗುವನ್ನು ಕಾರಿನಲ್ಲೇ ಬಿಟ್ಟು ಕಾಫಿಗೆ ಹೋಗುವುದು ಮಾತ್ರ ಕೂಡದು, ಐದು ನಿಮಿಷಕ್ಕೂ ಕೂಡದು. ಗಾಜು ಏರಿಸಿದ ಕಾರು ಬಿಸಿಲಿನಲ್ಲಿ ಒಲೆಯಂತೆ ಕಾಯುತ್ತದೆ. ಮಗುವಿನ ಮೈ ದೊಡ್ಡವರ ಮೈಗಿಂತ ಬಲು ಬೇಗ ಬಿಸಿಯೇರುತ್ತದೆ.

ಎಷ್ಟು ಮಾಡಿದರೂ ಒಂದು ಹೊತ್ತು ಬರುತ್ತದೆ. ಆಟದ ಚೀಲ ಬರಿದಾಗಿದೆ. ಕಾಗೆ, ಗುಬ್ಬಿ, ಎಮ್ಮೆ ಎಲ್ಲವೂ ಹಾರಿಹೋಗಿವೆ. ಪುಟ್ಟಿ ಬಿಲ್ಲಿನಂತೆ ಬೆನ್ನು ಬಾಗಿಸಿ ಕಾರಿನ ಚಾವಣಿ ಹಾರುವಂತೆ ಚೀರುತ್ತಾಳೆ. ಮುಖ್ಯವಾಗಿ ಎಚ್ಚರಬೇಕಾದದ್ದು ಈ ಗಳಿಗೆಯಲ್ಲಿ. ಅಜ್ಜಿ ಬೆಲ್ಟಿನ ಗುಂಡಿಗೆ ಕೈ ಹಾಕುತ್ತಾರೆ: “ಒಂದೇ ನಿಮಿಷ ಎತ್ತಿಕೊಳ್ಳುತ್ತೇನೆ, ಪಾಪ.” ತಾಯಿ ಹಿಂದಕ್ಕೆ ತಿರುಗಿ ಗದರುತ್ತಾಳೆ. ತಂದೆಯೂ ಒಮ್ಮೆ ಹಿಂದಿರುಗಿ ನೋಡುತ್ತಾನೆ. ಗಂಟೆಗೆ 80 ಕಿಲೋಮೀಟರು ಓಡುವ ಕಾರು ಒಂದು ಸೆಕೆಂಡಿಗೆ 22 ಮೀಟರು ಕ್ರಮಿಸುತ್ತದೆ. ಮಗಳ ಕಣ್ಣೀರನ್ನು ಅವನು ಎರಡು ಸೆಕೆಂಡು ನೋಡಿದನೆಂದರೆ, 44 ಮೀಟರು ದೂರ ಆ ಗಾಡಿಯನ್ನು ಯಾರೂ ನಡೆಸಲಿಲ್ಲವೆಂದರ್ಥ. 

ಅದಕ್ಕಾಗಿ ಮನೆಯಿಂದ ಹೊರಡುವಾಗಲೇ ಮೂವರೂ ಒಂದು ಒಪ್ಪಂದ ಮಾಡಿಕೊಳ್ಳುವುದೊಳ್ಳೆಯದು. ಅಳು ಎಷ್ಟೇ ಜೋರಾದರೂ ಓಡುವ ಗಾಡಿಯಲ್ಲಿ ಬೆಲ್ಟು ಬಿಚ್ಚುವಂತಿಲ್ಲ, ಚಾಲಕ ತಿರುಗುವಂತಿಲ್ಲ, ಅವನು ಮಾಡಬೇಕಾದ ಕೆಲಸ ಒಂದೇ, ಸುರಕ್ಷಿತವಾದ ಜಾಗ ನೋಡಿ ನಿಲ್ಲಿಸುವುದು. ನಿಂತ ಮೇಲೆ ಮಗುವನ್ನು ಎತ್ತಿ, ಹೊರಗೆ ನಡೆದಾಡಿಸಿ, ನೀರು ಕುಡಿಸಿ, ಒದ್ದೆಯಾಗಿದೆಯೋ ನೋಡಿ, ಅಂಗಿ ಎಲ್ಲಿಯಾದರೂ ಒತ್ತುತ್ತಿದೆಯೋ ನೋಡಿ ಮತ್ತೆ ಕೂರಿಸಬಹುದು. ಎಷ್ಟೋ ಸಲ ಹಠವೆಂದು ಬೈದುದಕ್ಕೆ ಕಾರಣ ಒಂದು ಬಿಗಿಯಾದ ಪಟ್ಟಿಯಾಗಿರುತ್ತದೆ, ಇಲ್ಲವೆ ಬೆನ್ನ ಹಿಂದೆ ಸಿಕ್ಕಿಕೊಂಡ ಬಾಳೆಹಣ್ಣಿನ ತುಂಡು.

ಈ ತಾಪತ್ರಯವೇ ಬೇಡವೆನ್ನುವವರಿಗೆ ರೈಲು ಇದ್ದೇ ಇದೆ. ಅದರಲ್ಲಿ ನಡೆದಾಡಬಹುದು, ಮೈಚಾಚಬಹುದು. ಹಗಲಿನ ಗಾಡಿಯಾದರೆ ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವೆ 57 ಸುರಂಗಗಳುಂಟು. ಕತ್ತಲೆ, ಬೆಳಕು, ಮತ್ತೆ ಕತ್ತಲೆ; ಸೆರಗಿನಲ್ಲಿ ಮುಖವಡಗಿಸುವ ಅಜ್ಜಿಯ ಆಟವನ್ನು ಅಲ್ಲಿ ಬೆಟ್ಟವೇ ಆಡುತ್ತದೆ.

ಆದರೆ ನಮ್ಮ ಪುಟ್ಟಿ ಕಾರಿನಲ್ಲೇ ಹೊರಟವಳು. ಬಂಟವಾಳ ಕಳೆದು ಇನ್ನು ಅರ್ಧ ಗಂಟೆಯೆನ್ನುವಾಗ ದೊಡ್ಡವರ ಮೈಯೆಲ್ಲ ಹಣ್ಣಾಗಿರುತ್ತದೆ, ಮಗು ನಿದ್ದೆಗೆ ಜಾರಿರುತ್ತದೆ. ಅಜ್ಜಿ ಪುಟ್ಟ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಬೆಲ್ಟು ಬಿಗಿಯಾಗಿ ಕೊರಳಿಗೆ ತಾಗುತ್ತಿದೆಯೇನೋ ಎಂದು ಬೆರಳಿಟ್ಟು ನೋಡುತ್ತಾರೆ. ಸೋದರತ್ತೆಯ ಮನೆಯ ಮುಂದೆ ಗಾಡಿ ನಿಂತಾಗ ಬಾಗಿಲು ತೆರೆದು ಮಗುವಿಗೆ ಕೈ ಚಾಚಿದ ಮಗಳಿಗೆ ಅವರು ಹೇಳುವ ಮೊದಲ ಮಾತು: “ತಡಿ, ಈ ಗುಂಡಿ ಬಿಚ್ಚುವುದು ನಿನಗೆ ತಿಳಿಯುವುದಿಲ್ಲ. ಇದಕ್ಕೊಂದು ಕ್ರಮವುಂಟು.”